ಅಕ್ಕಾ, ಯಾವ ಪುಸ್ತಕ ಓದಲಿ?

ಈ ತಿಂಗಳು ಪತ್ರ ಜಾಸ್ತಿ ಬಂದಿವೆ. ಮದುವೆ ಸೀಜನ್ ಬೇರೆ. ಬಾಗಲಕೋಟೆ ನವನಗರದ ನನ್ನ ಅಂಗಡಿಯಲ್ಲಿ ಕುಬಸದ ಗಂಟುಗಳು ಮೊಣಕಾಲೆತ್ತರಕ್ಕೆ ಬಿದ್ದಿವೆ. ಎಲ್ಲರಿಗೂ ಉತ್ತರ ಬರೆಯಲು ಆಗಿಲ್ಲ, ಸಿಟ್ಟಾಗಬೇಡಿ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಪ್ರೊಫೆಸರ್ ಅಲ್ಲ, ಹೊಲಿಗೆಯವಳು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಬರುವುದಿಲ್ಲ, ಆಗ ಓದುತ್ತೇನೆ. ಇಲ್ಲಿ ಬರೆಯುವುದು ನನಗೆ ಅನಿಸಿದ್ದು ಅಷ್ಟೇ.

ಕಾದಂಬರಿ ಚಲೋ ಇದೆಯೋ ಇಲ್ಲವೋ ಅಂತ ನೀವು ಹೇಗೆ ಗೊತ್ತು ಮಾಡುತ್ತೀರಿ? ಕತೆ ನೋಡಿಯೋ, ಭಾಷೆ ನೋಡಿಯೋ?
– ಕಾಲೇಜು ವಿದ್ಯಾರ್ಥಿನಿ, ಮುಧೋಳ

ತಂಗಿ, ನಾನು ಮೊದಲು ನೋಡುವುದು ಕತೆಯೊಳಗಿನ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಅಂತ. ನಗಬೇಡ. ಎಷ್ಟೋ ಕಾದಂಬರಿಗಳಲ್ಲಿ ನಾಯಕ ಬೆಳಿಗ್ಗೆ ಒಂದು ಕಿಟಕಿ ಹತ್ತಿರ ನಿಂತು ಯೋಚನೆ ಮಾಡುತ್ತಾನೆ, ಸಂಜೆ ಇನ್ನೊಂದು ಕಿಟಕಿ ಹತ್ತಿರ ನಿಂತು ಯೋಚನೆ ಮಾಡುತ್ತಾನೆ. ಮನೆ ಬಾಡಿಗೆ ಯಾರು ಕಟ್ಟಿದರು? ಹಾಲಿನವನ ಲೆಕ್ಕ ಯಾರು ಚುಕ್ತಾ ಮಾಡಿದರು? ಅದರ ಸುದ್ದಿಯೇ ಇಲ್ಲ. ಅಂಥ ಪುಸ್ತಕವನ್ನು ನಲವತ್ತನೇ ಪುಟಕ್ಕೆ ಮಡಚಿಡುತ್ತೇನೆ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದ್ದೀಯಾ? 1941ರ ಪುಸ್ತಕ. ಮೂರು ತಲೆಮಾರಿನ ಕತೆ, ಕರಾವಳಿಯದು. ನಾನು ಸಮುದ್ರ ನೋಡಿದ್ದೇ ಒಂದು ಸಲ, ಅದೂ ಅರ್ಧ ದಿನ. ಆದರೂ ರಾಮ ಐತಾಳರ ಮನೆಯ ಪಾರೋತಿ, ಸರಸೋತಿ ಗದ್ದೆ, ಕಟ್ಟಿಗೆ ಅಂತ ದಿನವಿಡೀ ದುಡಿಯುವುದನ್ನು ಓದುವಾಗ ನನ್ನ ಸೊಂಟ ನೋಯುತ್ತದೆ. ಮಕ್ಕಳಿಲ್ಲ ಅಂತ ಐತಾಳರು ಇನ್ನೊಂದು ಮದುವೆ ಆಗುತ್ತಾರೆ. ಮೊದಲ ಹೆಂಡತಿ ಪಾರೋತಿ ಬೊಬ್ಬೆ ಹಾಕುವುದಿಲ್ಲ. ಅವಳು ಮತ್ತೆ ಕೆಲಸಕ್ಕೆ ಬಗ್ಗುತ್ತಾಳಲ್ಲ, ಅಲ್ಲಿ ನನಗೆ ಅಳು ಬಂತು. ಭಾಷೆ ಹೇಗಿತ್ತು ಅಂತ ಕೇಳಿದರೆ ನೆನಪಿಲ್ಲ. ಆ ಕಟ್ಟಿಗೆ ಹೊರೆ ನೆನಪಿದೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮ ಊರೂ ಹೋಯಿತು. ಮುಳುಗಡೆಯವರ ಬಾಳಿನ ಬಗ್ಗೆ ಒಳ್ಳೆಯ ಕಾದಂಬರಿ ಇದ್ದರೆ ತಿಳಿಸಿ.
– ನಿವೃತ್ತ ಗುಮಾಸ್ತರು, ಬೀಳಗಿ

ಅಣ್ಣಾವ್ರೇ, ನಾ. ಡಿಸೋಜ ಅವರ ‘ದ್ವೀಪ’ ಓದಿ. ಚಿಕ್ಕ ಪುಸ್ತಕ, ಎರಡು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅದು ಶರಾವತಿಯ ಮುಳುಗಡೆ. ಅಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಊರಿನವರೆಲ್ಲ ಪರಿಹಾರ ತೆಗೆದುಕೊಂಡು ಹೋದ ಮೇಲೂ ಗಣಪಯ್ಯ, ನಾಗವೇಣಿ ಉಳಿಯುತ್ತಾರೆ. ಮಳೆ ಹಿಡಿಯುತ್ತದೆ, ನೀರು ಸುತ್ತುವರಿಯುತ್ತದೆ. (ಕಾರಂತರ ಕಾದಂಬರಿಯಲ್ಲೂ ಒಬ್ಬ ನಾಗವೇಣಿ ಇದ್ದಾಳೆ. ಇಬ್ಬರಿಗೂ ಸುಖವಿಲ್ಲ. ಯಾರಾದರೂ ಮಗಳಿಗೆ ಆ ಹೆಸರಿಟ್ಟರೆ ನನಗೆ ಸ್ವಲ್ಪ ಅಂಜಿಕೆ.) ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದವರು. ಪರಿಹಾರದ ಫೈಲು ಹೇಗೆ ನಡೆಯುತ್ತದೆ, ಎಲ್ಲಿ ಕುಳಿತುಬಿಡುತ್ತದೆ ಅಂತ ಗೊತ್ತಿದ್ದವರು ಬರೆದ ಪುಸ್ತಕ ಅದು. ನಿಮಗೂ ಆ ಲೋಕ ಗೊತ್ತಲ್ವಾ?

ಆದರೆ ಓದುತ್ತಾ ಹೋದ ಹಾಗೆ ನನಗೆ ಒಂದು ಕೊರತೆ ಕಾಡಿತು. ಪುಸ್ತಕದ್ದಲ್ಲ, ನಮ್ಮದು. ಅಲ್ಲಿ ಮಳೆ ಹೊಯ್ದು ಹೊಯ್ದು ನೀರು ಏರುತ್ತದೆ. ನಮ್ಮಲ್ಲಿ ಮಳೆ ಎಲ್ಲಿ? ಅದು ಸುರಿಯುವುದು ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ. ಹಳೇ ಬಾಗಲಕೋಟೆಯಲ್ಲಿ ನೆತ್ತಿ ಸುಡುವ ಬಿಸಿಲು, ಆಕಾಶದಲ್ಲಿ ಒಂದು ಮೋಡ ಇಲ್ಲ. ನೀರು ಮಾತ್ರ ಗದ್ದಲವಿಲ್ಲದೆ ಒಂದೊಂದೇ ಸಾಲು ಏರಿ ಬರುತ್ತಿತ್ತು. ನಮ್ಮಪ್ಪ ಹಳೇ ಮನೆಯ ಬಾಗಿಲ ಚೌಕಟ್ಟು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನವನಗರಕ್ಕೆ ತಂದ. ಸಾಗವಾನಿಯದು, ಮೇಲೆ ಗಣಪತಿ ಕೆತ್ತಿದ್ದು. ಹೊಸ ಮನೆಯ ಬಾಗಿಲಿಗೆ ಅದು ಕೂರಲಿಲ್ಲ, ಒಂದು ಗೇಣು ಹೆಚ್ಚಿತ್ತು. ಕತ್ತರಿಸೋಣ ಅಂದ ಬಡಿಗೇರನಿಗೆ ಅಪ್ಪ ಹೊಡೆಯಲು ಹೋಗಿದ್ದ. ಎಷ್ಟೋ ವರ್ಷ ಹಿತ್ತಲ ಗೋಡೆಗೆ ಒರಗಿ ನಿಂತಿತ್ತು. ಈಗ ಅದಕ್ಕೆ ಅಡ್ಡ ಹಲಗೆ ಬಡಿಸಿ ಪುಸ್ತಕ ಇಟ್ಟಿದ್ದೇನೆ. ಗಣಪತಿಯ ಕೆಳಗೇ ಕಾರಂತರು.

ಬಿಸಿಲಲ್ಲಿ ಬಂದ ಆ ನೀರಿನ ಕಾದಂಬರಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ನೀವೇ ಯಾಕೆ ಬರೆಯಬಾರದು? ಗುಮಾಸ್ತರ ಅಕ್ಷರ ಚಂದ ಇರುತ್ತದೆ. ಅಲ್ಲಿಯವರೆಗೆ, ನೀರು ಬರುವುದಕ್ಕೂ ಮೊದಲಿನ ನಮ್ಮ ಕಡೆಯ ಹಳ್ಳಿ ನೋಡಬೇಕು ಅನಿಸಿದರೆ ರಾವಬಹಾದ್ದೂರರ ‘ಗ್ರಾಮಾಯಣ’ ಇದೆ, 1957ರದ್ದು. ಪಾದಳ್ಳಿ ಅನ್ನುವ ಊರೇ ಅದರ ನಾಯಕ. ಮೊದಲ ಐವತ್ತು ಪುಟ ಯಾರು ಯಾರ ಮಗ ಅಂತ ಗೊಂದಲ ಆಗುತ್ತದೆ. ನಾನು ಬಿಲ್ ಪುಸ್ತಕದ ಹಿಂದೆ ಹೆಸರು ಬರೆದುಕೊಂಡು ಓದಿದೆ.

ತ್ರಿವೇಣಿಯವರ ಕಾದಂಬರಿ ಹಿಡಿದು ಕೂತರೆ ನಮ್ಮ ಮನೆಯವರು ‘ಹೆಂಗಸರ ಕತೆ, ಟೈಮ್ ವೇಸ್ಟ್’ ಅನ್ನುತ್ತಾರೆ.
– ಗೃಹಿಣಿ, ಚಿಕ್ಕೋಡಿ

ಅವರ ಕೈಗೆ ‘ಶರಪಂಜರ’ ಕೊಡಿ. ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಬಂದ ಹೆಂಡತಿಯನ್ನು ಮನೆಯವರು, ನೆರೆಯವರು ಹೇಗೆ ನೋಡುತ್ತಾರೆ ಅಂತ ಅದರಲ್ಲಿದೆ. ಅವಳು ಜೋರಾಗಿ ನಕ್ಕರೂ ಎಲ್ಲರಿಗೂ ಅನುಮಾನ. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ. ಅಂಥ ನೋಟ ನಮ್ಮ ಓಣಿಯಲ್ಲಿ ಇವತ್ತಿಗೂ ಇದೆ. ಓದಿ ಮುಗಿಸಿದ ಮೇಲೂ ಟೈಮ್ ವೇಸ್ಟ್ ಅಂದರೆ ನನಗೆ ಬರೆಯಿರಿ. ಅವರ ಶರ್ಟು ನಾನು ಹೊಲಿಯುವುದಿಲ್ಲ.

ಕಾದಂಬರಿ ನನಗೆ ಹಿಡಿಸುವುದಿಲ್ಲ. ಜೀವನದಲ್ಲಿ ಮುಂದೆ ಬರಲು ಸಹಾಯ ಮಾಡುವ ಪುಸ್ತಕ ಹೇಳಿ.
– ಯುವಕ, ಬೆಳಗಾವಿ

ತಮ್ಮಾ, ಬೆಳಿಗ್ಗೆ ಐದಕ್ಕೆ ಏಳು, ಗುರಿ ಬರೆದಿಡು ಅನ್ನುವ ಪುಸ್ತಕ ಬೇಕಾದರೆ ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತವೆ. ನಾನು ನಾಲ್ಕು ಓದಿದ್ದೇನೆ. ನಾಲ್ಕರಲ್ಲೂ ಒಂದೇ ಮಾತು. ನಾನು ಹೇಗೂ ಐದಕ್ಕೇ ಏಳುತ್ತೇನೆ, ನಲ್ಲಿ ನೀರು ಬರುವುದೇ ಆಗ.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದು. ಅವರು ನಿಮ್ಮ ಪಕ್ಕದ ವಿಜಯಪುರ ಜಿಲ್ಲೆ ಮುದ್ದೇಬಿಹಾಳದವರು. ದಲಿತ ಹುಡುಗನಾಗಿ ಬೆಳೆದ ತಮ್ಮ ಕತೆಯನ್ನೇ ಬರೆದಿದ್ದಾರೆ. ಹೆಣದ ಮೇಲೆ ತೂರಿದ ಚಿಲ್ಲರೆ ಆರಿಸಿಕೊಳ್ಳುವ ಮಾತು ಅದರಲ್ಲಿ ಬರುತ್ತದೆ. ನಾನೂ ಚಿಕ್ಕವಳಿದ್ದಾಗ ಕಟ್ಟೆಯ ಮೇಲೆ ನಿಂತು ಹೆಣ ಹೋಗುವುದನ್ನು ನೋಡಿದ್ದೇನೆ. ಚುರುಮುರಿ, ಐದು ಪೈಸೆ, ಹತ್ತು ಪೈಸೆ ತೂರುತ್ತಿದ್ದರು. ಹಿಂದಿಂದ ಹುಡುಗರು ಆರಿಸುತ್ತಿದ್ದರು. ಅವರು ಯಾರ ಮನೆಯವರು, ಆ ದುಡ್ಡಲ್ಲಿ ಏನು ಕೊಂಡರು ಅಂತ ನಾನು ಒಂದು ದಿನವೂ ಕೇಳಲಿಲ್ಲ. ಈ ಪುಸ್ತಕ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಮುಂದೆ ಬರಲು ಇದು ಸಹಾಯ ಮಾಡುತ್ತದೋ ಇಲ್ಲವೋ, ನೀನೇ ಓದಿ ಹೇಳು.

ನಗು ಬೇಕು ಅಂದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗರನ್ನು ಕಾಡಿಗೆ ಕರೆದುಕೊಂಡು ಹೋದ ಕತೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಪ್ರಶಸ್ತಿ ಬಂದ ಪುಸ್ತಕ ಇಷ್ಟು ನಗಿಸುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ಅವಳಿಗೆ ಓದಿ ಹೇಳಲು ಯಾವ ಪುಸ್ತಕ ಚಲೋ?
– ಅಂಗನವಾಡಿ ಕಾರ್ಯಕರ್ತೆ, ಇಂಡಿ

ನಿಮ್ಮ ಕಡೆಯದೇ ಇದೆಯಲ್ಲ, ‘ಗರತಿಯ ಹಾಡು’. ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ತಂದ ತ್ರಿಪದಿಗಳು. ನಾನು ನಮ್ಮವ್ವನಿಗೆ ಓದಿ ಹೇಳಲು ಕೂತೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಮೊದಲ ಸಾಲು ಓದಿದರೆ ಉಳಿದ ಎರಡು ಸಾಲು ಅವಳೇ ಹೇಳಿಬಿಡುತ್ತಿದ್ದಳು, ಕಾಯಿಯಿಂದ ತಲೆ ಎತ್ತದೆ. ಒಂದು ಕಡೆ ಮಾತ್ರ ತಡೆದಳು. “ತಪ್ಪು ಬರ್ದಾರ. ಬೀಸೋ ಮುಂದ ಹಂಗ ಅಂದ್ರ ಉಸುರು ಎಲ್ಲಿ ತಗೋಬೇಕು?” ಅಂದಳು. ಅವಳ ಪಾಠವನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಂಡೆ. ನೀವೂ ಒಂದು ಪೆನ್ಸಿಲ್ ಇಟ್ಟುಕೊಂಡು ಕೂತುಕೊಳ್ಳಿ.

ಪೋಸ್ಟಿನಲ್ಲಿ ತರಿಸಿದ ಕಾದಂಬರಿಯಲ್ಲಿ 16 ಪುಟ ಎರಡು ಸಲ ಇವೆ, 16 ಪುಟ ಇಲ್ಲವೇ ಇಲ್ಲ. ಏನು ಮಾಡಲಿ?
– ಕಿರಾಣಿ ವ್ಯಾಪಾರಿ, ಜಮಖಂಡಿ

ಒಂದು ದೊಡ್ಡ ಹಾಳೆಯಲ್ಲಿ 16 ಪುಟ ಅಚ್ಚು ಹಾಕಿ ಮಡಚುತ್ತಾರೆ, ಅದಕ್ಕೆ ಫಾರಂ ಅನ್ನುತ್ತಾರೆ. ಬೈಂಡಿಂಗ್ ಮಾಡುವಾಗ ಒಂದೇ ಫಾರಂ ಎರಡು ಸಲ ಸೇರಿಸಿದ್ದಾರೆ. ಅವಸರದ ಕೆಲಸದಲ್ಲಿ ಎರಡೂ ಬಲಗೈ ತೋಳೇ ಕತ್ತರಿಸಿಬಿಡುತ್ತೇವಲ್ಲ, ಹಾಗೆ. ಆ ಪುಟಗಳ ಫೋಟೋ ತೆಗೆದು ಕಳಿಸಿದವರಿಗೆ ಹಾಕಿ, ಬದಲಿ ಪ್ರತಿ ಕೇಳಿ. ನನಗೂ ಒಮ್ಮೆ ಹೀಗಾಗಿತ್ತು. ಮೂರು ಪತ್ರ ಬರೆದ ಮೇಲೆ ಹೊಸ ಪ್ರತಿ ಬಂತು, ಅದರಲ್ಲೂ ಅದೇ ಪುಟ ಇರಲಿಲ್ಲ. ಕೊನೆಗೆ ಲೈಬ್ರರಿಯಲ್ಲಿ ನಿಂತುಕೊಂಡೇ ಆ 16 ಪುಟ ಓದಿದೆ. ಅಂಥದ್ದೇನೂ ನಡೆದಿರಲಿಲ್ಲ.

ಓದಿದ ಪುಟದ ಗುರುತಿಗೆ ಏನಿಡುತ್ತೀರಿ? ಸುಮ್ನೆ ಕೇಳಿದೆ.
– ಹೆಸರು ಬರೆದಿಲ್ಲ, ಗುಳೇದಗುಡ್ಡ

ನಿಮ್ಮೂರಿನ ಖಣದ ತುಂಡು. ಕುಬಸ ಕತ್ತರಿಸಿ ಉಳಿದ ಬೆರಳುದ್ದದ ಚೂರುಗಳು ನನ್ನ ಪ್ರತಿ ಪುಸ್ತಕದಲ್ಲೂ ಇವೆ. ಹೋದ ತಿಂಗಳು ಗಿರಾಕಿ ಒಬ್ಬಳು ಅಳತೆ ಕೊಡಲು ಬಂದವಳು, ಮಶಿನ್ ಮೇಲಿದ್ದ ‘ದ್ವೀಪ’ ತೆರೆದು “ಅಕ್ಕಾ, ಇದು ನನ್ನ ಖಣ ಅಲ್ವಾ?” ಅಂದಳು. ಹೌದು ಅಂದೆ. ಹಾಗಾದರೆ ಓದಿ ಕೊಡುತ್ತೇನೆ ಅಂತ ಪುಸ್ತಕವನ್ನೂ ಒಯ್ದಳು. ಕುಬಸ ಹೊಲಿದು ಹದಿನೈದು ದಿನ ಆಯಿತು. ತೆಗೆದುಕೊಂಡು ಹೋಗಲು ಅವಳು ಇನ್ನೂ ಬಂದಿಲ್ಲ.