ಓಡಿದ್ದನ್ನು ಯಾರು ನೋಡಿದರು?

ನಿಮ್ಮ ‘ಗಿಡದೊಳಗಿನ ಆಸ್ಪಿರಿನ್’ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ. ತೊಗರಿಯ ಗೊಡ್ಡು ರೋಗದಿಂದ ಆರಂಭಿಸಿದ್ದು ಕಲಬುರಗಿಯ ಕೃಷಿ ಪತ್ರಿಕೆಗೆ ಒಪ್ಪುತ್ತದೆ. ಹೊಗಳಿಕೆ ಇಷ್ಟು ಸಾಕು. ಎರಡನೇ ಪುಟ ಓದಿದಾಗಿನಿಂದ ತಲೆ ಕೊರೆಯುತ್ತಿದೆ, ಅದನ್ನೇ ಹಿಡಿದು ಮಾತನಾಡುತ್ತೇನೆ.

‘ಸ್ಯಾಲಿಸಿಲಿಕ್ ಆಮ್ಲ ಸಸ್ಯಗಳ ರಕ್ಷಣಾ ಹಾರ್ಮೋನು ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.’ ಯಾವ ವಿಜ್ಞಾನಿಗಳು? ಏನು ಮಾಡಿ ಕಂಡುಕೊಂಡರು? 1979ರಲ್ಲಿ ಇಂಗ್ಲೆಂಡಿನ ಆರ್. ಎಫ್. ವೈಟ್ ತಂಬಾಕಿನ ಎಲೆಗೆ, ಸ್ಯಾಲಿಸಿಲಿಕ್ ಆಮ್ಲದಿಂದಲೇ ತಯಾರಾಗುವ ಆಸ್ಪಿರಿನ್‌ನ ದ್ರಾವಣ ಚುಚ್ಚಿದರು. ಆಮೇಲೆ ಅದೇ ಎಲೆಗೆ ಮೊಸಾಯಿಕ್ ವೈರಸ್ ಸವರಿದರೆ ಎದ್ದ ಕಲೆಗಳು ತೀರಾ ಕಡಿಮೆ. ಆದರೆ ಹೊರಗಿನಿಂದ ಕೊಟ್ಟದ್ದು ಕೆಲಸ ಮಾಡಿದ ಮಾತ್ರಕ್ಕೆ ಹಾರ್ಮೋನು ಆಗಿಬಿಡುವುದಿಲ್ಲ. ಗಿಡ ತಾನೇ ಅದನ್ನು ತಯಾರಿಸಬೇಕು, ರೋಗ ತಗುಲಿದಾಗ ಅದರ ಪ್ರಮಾಣ ಏರಬೇಕು. ತಂಬಾಕಿನಲ್ಲೂ ಸೌತೆಯಲ್ಲೂ ಹಾಗೆ ಏರುತ್ತದೆಂದು ಎರಡು ಬೇರೆ ಬೇರೆ ತಂಡಗಳು ತೋರಿಸಿದ್ದು 1990ರಲ್ಲಿ. ಇಷ್ಟು ವರ್ಷಗಳ ಹುಡುಕಾಟವನ್ನು ನೀವು ಒಂದೇ ಸಾಲಿನಲ್ಲಿ ಮಣ್ಣು ಮಾಡಿದ್ದೀರಿ.

ನಾನು ಕಸುಬು ಕಲಿತದ್ದು ಇದೇ ಊರಿನ ಒಂದು ದಿನಪತ್ರಿಕೆಯಲ್ಲಿ. ನೆಹರು ಗಂಜ್ ಮಾರುಕಟ್ಟೆಯ ತೊಗರಿ ಧಾರಣೆ ಬರೆಯುವ ಕೆಲಸ ಹೊಸಬರ ಪಾಲಿನದು. ‘ಆವಕ ಕುಸಿದಿದೆ ಎಂದು ಹೇಳಲಾಗುತ್ತಿದೆ’ ಎಂದು ಯಾರೇ ಬರೆಯಲಿ, ಹಿರಿಯ ಉಪಸಂಪಾದಕರು ಕೆಂಪು ಶಾಯಿಯ ಸುತ್ತು ಹಾಕಿ, ‘ಹೇಳಿದವರು ದಲಾಲರೋ ಹಮಾಲರೋ?’ ಎನ್ನುತ್ತಿದ್ದರು. ಉತ್ತರವಿಲ್ಲದಿದ್ದರೆ ಮೇ ತಿಂಗಳ ಬಿಸಿಲಿನಲ್ಲಿ ಮತ್ತೆ ಗಂಜಿಗೆ. ಅವರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ನಿಮ್ಮ ಪುಟದಲ್ಲಿ ಬಿದ್ದಿರುವ ಸುತ್ತು ಅವರದೇ.

ಮುಂದಿನ ಸಾಲು: ‘ರೋಗ ತಗುಲಿದ ಎಲೆಯಿಂದ ಈ ಆಮ್ಲ ಅಂಚೆಯಣ್ಣನಂತೆ ಓಡಿ ಉಳಿದ ಎಲೆಗಳಿಗೆ ಸುದ್ದಿ ಮುಟ್ಟಿಸುತ್ತದೆ.’ ಸೊಗಸಾಗಿದೆ, ಆದರೆ ಓಡಿದ್ದನ್ನು ಯಾರು ನೋಡಿದರು? ಇದನ್ನೇ ಪರೀಕ್ಷಿಸಲು 1994ರಲ್ಲಿ ತಂಬಾಕಿನ ಗಿಡಗಳಿಗೆ ಕಸಿ ಕಟ್ಟಿದರು. ಒಂದು ಬಗೆಯ ಗಿಡಕ್ಕೆ ಬ್ಯಾಕ್ಟೀರಿಯಾದ ಜೀನ್ ಸೇರಿಸಲಾಗಿತ್ತು. ಅದರಿಂದಾಗಿ ಆ ಗಿಡದಲ್ಲಿ ಆಮ್ಲ ಹುಟ್ಟಿದಂತೆಲ್ಲ ಒಡೆದುಹೋಗುತ್ತಿತ್ತು. ಅಂಥ ಗಿಡವನ್ನು ಬುಡವಾಗಿಟ್ಟು, ಮೇಲೆ ಮಾಮೂಲಿ ಗಿಡದ ಕುಡಿ ಕೂಡಿಸಿ, ಬುಡದ ಎಲೆಗೆ ವೈರಸ್ ತಗುಲಿಸಿದರು. ಬುಡದಲ್ಲಿ ಆಮ್ಲ ಶೇಖರವಾಗದಿದ್ದರೂ ಮೇಲಿನ ಕುಡಿಗೆ ರಕ್ಷಣೆ ಬಂತು. ಕಸಿಯನ್ನು ತಿರುಗುಮುರುಗು ಮಾಡಿದಾಗ ಬರಲಿಲ್ಲ. ಅಂದರೆ ರಕ್ಷಣೆ ಬೇಕಾದ ಎಲೆಯಲ್ಲಿ ಆಮ್ಲ ಇರಲೇಬೇಕು. ದೂರದಿಂದ ಬರುವ ಸುದ್ದಿ ಮಾತ್ರ ಬೇರೆ ಯಾವುದೋ. ಅದರ ಹುಡುಕಾಟದಲ್ಲಿ ಇದೇ ಆಮ್ಲದಿಂದ ಆಗುವ ಮೀಥೈಲ್ ಸ್ಯಾಲಿಸಿಲೇಟ್ ಸೇರಿ ಹಲವು ಹೆಸರುಗಳು ಬಂದಿವೆ. ಇಂಥ ಪತ್ತೇದಾರಿ ಕಥೆ ಕೈಯಲ್ಲಿದ್ದೂ ಉಪಮೆಗೆ ಜೋತುಬಿದ್ದಿದ್ದೀರಲ್ಲ!

ಕೊನೆಯ ಪ್ಯಾರಾದಲ್ಲಿ ತೊಗರಿಗೆ ಆಸ್ಪಿರಿನ್ ಮಾತ್ರೆ ಕರಗಿಸಿ ಸಿಂಪಡಿಸಲು ರೈತರಿಗೆ ಹೇಳಿದ್ದೀರಿ. ಅದನ್ನು ಪೂರ್ತಿ ಹೊಡೆದುಹಾಕಿದ್ದೇನೆ. ಹಲವು ಗಿಡಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ ಏರಿದರೆ, ಎಲೆ ಕಾಯಿ ಮೇಯುವ ಹುಳುಗಳ ವಿರುದ್ಧ ಕೆಲಸ ಮಾಡುವ ಜಾಸ್ಮೋನಿಕ್ ಆಮ್ಲದ ಕೈ ಕಟ್ಟಿಹೋಗುತ್ತದೆ. ಕಾಯಿಕೊರಕದ ಕಾಟವಿರುವ ನಮ್ಮ ಜಿಲ್ಲೆಯಲ್ಲಿ ಇಂಥ ಸಲಹೆಯನ್ನು ನಾನು ಅಚ್ಚು ಹಾಕಲಾರೆ. ಕಸಿಯ ಪ್ರಯೋಗವನ್ನು ಚಿತ್ರದೊಂದಿಗೆ ಬಿಡಿಸಿ ಬರೆಯಿರಿ, ಎರಡು ಪುಟ ಮೀಸಲಿಡುತ್ತೇನೆ.