ಏಳು ಮೆಟ್ಟಿಲು

ಯಲಬುರ್ಗಾ ಕಡೆಯ ಓದುಗರೊಬ್ಬರು, ಶಾಲೆಯ ಅಕ್ಕೋರು, ಬರೆದಿದ್ದಾರೆ: "ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಮದುವೆ, ಸೀಮಂತಕ್ಕೆ ಬಂಧುಗಳು 'ನಿನಗ್ಯಾಕ ತ್ರಾಸ' ಅಂತ ಕರೆಯೋದೇ ಇಲ್ಲ. ಅವರದು ತಪ್ಪಲ್ಲ, ನನ್ನ ಕಾಲೇ ಹಾಗೆ. ಒಳ್ಳೆ ಔಷಧ ಬಂದರೆ ಮುಂದಿನವರಿಗೆ ಈ ಗೋಳು ಇರಲ್ಲ, ಅಲ್ವಾ?"

ಅಕ್ಕೋರೆ, ಔಷಧದ ಮಾತು ಒಪ್ಪಿದೆ. 2014ರಲ್ಲಿ ದೇಶ ಪೋಲಿಯೊಮುಕ್ತ ಅಂತ ಘೋಷಣೆಯಾಯಿತು. ಎರಡು ಹನಿ ಮಾಡಿದ ಕೆಲಸ ಸಣ್ಣದಲ್ಲ.

ಆದರೆ 'ಅವರದು ತಪ್ಪಲ್ಲ' ಅಂದಿರಲ್ಲ, ಅದಕ್ಕೆ ನಿಮ್ಮ ಕಿವಿ ಹಿಂಡಬೇಕು. ದಿನಾ ಹಿಂಡೋರು ನೀವು, ಇವತ್ತು ನನ್ನ ಸರದಿ.

ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರ ಅಂತ ಒಂದು ಊರಿದೆ. ಸಂಬಂಧದೊಳಗೇ ಮದುವೆಯಾಗುತ್ತ ಬಂದವರು, ಹುಟ್ಟು ಕಿವುಡರು ಜಾಸ್ತಿ. ಹಾಗಾಗಿ ಊರಿನದೇ ಒಂದು ಕೈಭಾಷೆ ಬೆಳೆದಿದೆ. ಕಿವಿ ಕೇಳುವ ಎಷ್ಟೋ ಜನಕ್ಕೂ ಅದು ಬರುತ್ತದೆ. ಅಲ್ಲಿನ ಕಿವುಡ ಹುಡುಗನೊಬ್ಬ ನಮ್ಮ ಸಿಂಧನೂರಲ್ಲಿ ಹುಟ್ಟಿದ್ದರೆ 'ಮೂಗ' ಅನ್ನೋದೇ ಅವನ ಹೆಸರಾಗುತ್ತಿತ್ತು. ಕಿವಿ ಅದೇ, ಊರು ಬೇರೆ.

ಗದಗಿನಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರಿಗೆ ಹಾಡು ಕಲಿಸಿದರು. ನಾವು ಅವರ ಫೋಟೊಕ್ಕೆ ಊದುಬತ್ತಿ ಹಚ್ಚುತ್ತೇವೆ. ಕಣ್ಣಿಲ್ಲದ ಹುಡುಗ ಬಾಡಿಗೆಗೆ ಖೋಲಿ ಕೇಳಿಕೊಂಡು ಬಂದರೆ 'ಖಾಲಿ ಇಲ್ಲ' ಅಂತೇವೆ.

ಇಷ್ಟು ಹೇಳುವ ನಾನೇನು ಸಾಚಾನಾ? ಎರಡು ವರ್ಷದ ಹಿಂದೆ ಬಳ್ಳಾರಿಯಲ್ಲಿ ನಮ್ಮ ಪತ್ರಿಕೆಯದೇ ಕಾರ್ಯಕ್ರಮ. ಮೂರು ಗಾಲಿ ಸೈಕಲ್ಲಿನಲ್ಲಿ ಓಡಾಡುವ ಕವಿಯೊಬ್ಬರಿಗೆ ಸನ್ಮಾನ. ವೇದಿಕೆಗೆ ಏಳು ಮೆಟ್ಟಿಲು. ನಾಲ್ಕು ಹುಡುಗರು ಅವರನ್ನು ಎತ್ತಿ ಮೇಲೆ ಒಯ್ದರು. ಧೋತರ ಸರಿದು ಸಣಕಲು ಕಾಲು ಸಭೆಗೆಲ್ಲ ಕಂಡಿತು. ಒಂದು ಕೈಯಲ್ಲಿ ಧೋತರ ಹಿಡಿದುಕೊಂಡೇ ಅವರು ಶಾಲು ಹೊದೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಶಾಮಿಯಾನದವನಿಗೆ 'ನಾಲ್ಕು ಹಲಗೆ ಹಾಕಪ್ಪ' ಅನ್ನೋದು ನನಗೆ ಹೊಳೆಯಲೇ ಇಲ್ಲ.

ಹೊಳೆಯೋದು ಯಾರಿಗೆ ಹೇಳಿ? 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರದರಲ್ಲಿ 21 ಆಯಿತು. ಅಂಗವಿಕಲ ಹೋಗಿ ವಿಕಲಚೇತನ ಬಂತು, ಆಮೇಲೆ ದಿವ್ಯಾಂಗ. ಹೆಸರಿಡೋದಕ್ಕೆ ಖರ್ಚಿಲ್ಲ ನೋಡಿ. ಇವರ ಅರ್ಜಿ ತಗೊಳ್ಳುವ ಕಚೇರಿಯೊಂದನ್ನು ಮೊನ್ನೆ ಕಂಡೆ, ಅದು ಮಹಡಿ ಮೇಲಿತ್ತು. ಲಿಫ್ಟ್ ಇಲ್ಲ. ಕೆಳಗೆ ಊರುಗೋಲು ಹಿಡಿದವರ ಸಾಲು, ಮೇಲೆ ಸಹಿ ಹಾಕುವ ಸಾಹೇಬರು.

ಮುಂದಿನ ಮದುವೆಗೆ ಕರೆಯದಿದ್ದರೂ ಹೋಗಿ, ಅಕ್ಕೋರೆ. ನೆಲದ ಪಂಕ್ತಿ ಹಾಕಿದ್ದರೆ ಸಂಕೋಚ ಬಿಟ್ಟು ಕುರ್ಚಿ ಕೇಳಿ. ನಿಮ್ಮ ಕುರ್ಚಿ ಬರೋ ಹೊತ್ತಿಗೆ ಮೊಣಕಾಲು ನೋವಿನ ನಾಲ್ಕು ಜನ ಅಜ್ಜಿಯರು 'ನನಗೂ ಒಂದು ತಾ ತಮ್ಮಾ' ಅಂತಿರ್ತಾರೆ.