ಸಂಪಾದಕರ ಉತ್ತರ: ಕಿಟಕಿಯ ಬಳಿ ಬಿದ್ದಿದ್ದ ಜೇನುಹುಳು

ಓದುಗರೊಬ್ಬರ ಪತ್ರದ ಸಾರ: ‘ಕಳೆದ ವಾರ ಬೆಳಿಗ್ಗೆ ಕಿಟಕಿಯ ಕೆಳಗೆ ಜೇನುಹುಳುವೊಂದು ಅಲುಗಾಡದೆ ಬಿದ್ದಿತ್ತು. ಚಮಚದಲ್ಲಿ ಸ್ವಲ್ಪ ಜೇನುತುಪ್ಪ ಹಿಡಿದೆ. ನಾಲಿಗೆ ಚಾಚಿ ಹೀರಿತು, ಹತ್ತು ನಿಮಿಷದಲ್ಲಿ ಹಾರಿಹೋಯಿತು. ಅಂದಿನಿಂದ ನನ್ನ ಆರು ವರ್ಷದ ಮಗಳು ಎದ್ದವಳೇ ಕಿಟಕಿಗೆ ಓಡುತ್ತಾಳೆ. ಜೇನು ಕಡಿಮೆಯಾಗುತ್ತಿದೆ ಎಂದು ಓದಿದ್ದೇನೆ. ದಿನವೂ ಒಂದು ಬಟ್ಟಲು ಸಕ್ಕರೆ ನೀರು ಇಡಲೇ? ತಾರಸಿಯ ಮೇಲೆ ಜೇನುಪೆಟ್ಟಿಗೆ ತಂದಿಡುವ ಆಸೆಯೂ ಇದೆ. ಇದರಿಂದ ನಿಜಕ್ಕೂ ಉಪಯೋಗವಾದೀತೇ? ಮಗಳ ಪ್ರಶ್ನೆ ಮಾತ್ರ ಬೇರೆ: ಆ ಜೇನು ಮನೆ ಸೇರಿತೇ?’

ಪ್ರಿಯ ಓದುಗರೇ,

ಬಿದ್ದ ಹುಳುವನ್ನು ಕಸದ ಜೊತೆ ಗುಡಿಸಿಹಾಕದೆ, ಅದರ ಮುಂದೆ ಚಮಚ ಹಿಡಿದು ಹತ್ತು ನಿಮಿಷ ಕುಳಿತಿರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಹಾಗಾಗಿ ಒಂದು ತಿದ್ದುಪಡಿಯನ್ನು ಮೊದಲೇ, ನೇರವಾಗಿ ಹೇಳಿಬಿಡುತ್ತೇನೆ. ಇನ್ನು ಮುಂದೆ ಜೇನುಹುಳುವಿಗೆ ಜೇನುತುಪ್ಪ ಕೊಡಬೇಡಿ.

ಅದರದ್ದೇ ತುಪ್ಪ ಅದಕ್ಕೇಕೆ ಬೇಡ ಎಂದು ಅನಿಸುವುದು ಸಹಜ. ಆದರೆ ಬಾಟಲಿಯಲ್ಲಿರುವುದು ಅದರ ಗೂಡಿನ ತುಪ್ಪವಲ್ಲ, ಬೇರೆ ಎಷ್ಟೋ ಗೂಡುಗಳದ್ದು. ಫೌಲ್‌ಬ್ರೂಡ್ ಎಂಬ ರೋಗವೊಂದಿದೆ. ಅದು ಜೇನಿನ ಮರಿಗಳನ್ನು ಗೂಡಿನೊಳಗೇ ಕೊಳೆಸಿ ಕೊಲ್ಲುತ್ತದೆ. ಆ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ದಶಕಗಳ ಕಾಲ ಸಾಯದೆ ಉಳಿಯಬಲ್ಲವು, ಜೇನುತುಪ್ಪದಲ್ಲೂ ಇರಬಲ್ಲವು. ಮನುಷ್ಯರಿಗೆ ಅವುಗಳಿಂದ ಆ ರೋಗ ಬರುವುದಿಲ್ಲ. ಆದರೆ ಚಮಚದಿಂದ ಹೀರಿದ ಹುಳು ಅವನ್ನು ಹೊಟ್ಟೆಯಲ್ಲಿಟ್ಟುಕೊಂಡು ಗೂಡಿಗೆ ಹೋದರೆ ಇಡೀ ಸಂಸಾರಕ್ಕೇ ಕುತ್ತು. ನಾನೂ ವರ್ಷಗಟ್ಟಲೆ ಹೀಗೆಯೇ ತುಪ್ಪ ಕೊಟ್ಟಿದ್ದೇನೆ. ವಿಷಯ ತಿಳಿದ ದಿನ ಆದ ಸಂಕಟ ಈಗಲೂ ನೆನಪಿದೆ.

ಕೊಡಬೇಕಾದ್ದು ಸಕ್ಕರೆ ನೀರು. ಬಿಳಿ ಸಕ್ಕರೆ ಎರಡು ಪಾಲು, ನೀರು ಒಂದು ಪಾಲು. ಕಾಳು ಉಳಿಯದಂತೆ ಕರಗಿಸಿ ಒಂದೆರಡು ಹನಿ ಅದರ ಮೂತಿಯ ಮುಂದಿಟ್ಟರೆ ಸಾಕು. ಕಂದು ಸಕ್ಕರೆ, ಬೆಲ್ಲ ಬೇಡ, ಅವು ಜೇನಿಗೆ ಅರಗುವುದಿಲ್ಲ. ಮೈಮೇಲೆ ಹನಿ ಬೀಳದಂತೆ ನೋಡಿಕೊಳ್ಳಿ. ರೆಕ್ಕೆ ಅಂಟಿಕೊಂಡರೆ ಹಾರುವುದೇ ಕಷ್ಟ.

ಆದರೆ ಹನಿಗಿಂತ ಮೊದಲು ಕೆಲಹೊತ್ತು ಸುಮ್ಮನೆ ನೋಡಿ. ಕದಲದ ಹುಳುವೆಲ್ಲ ದಣಿದ ಹುಳುವಲ್ಲ. ಎಷ್ಟೋ ಜಾತಿಯ ಗಂಡು ಜೇನುಗಳು ಒಣಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು ರಾತ್ರಿಯಿಡೀ ಹಾಗೆಯೇ ನಿದ್ದೆ ಮಾಡುತ್ತವೆ. ಇನ್ನು ಕೆಲವಕ್ಕೆ ಚಳಿ ಹಿಡಿದಿರುತ್ತದೆ. ಬಂಬಲ್‌ಬೀ ಎಂಬ ರೋಮಭರಿತ ದೊಡ್ಡ ಜೇನಿಗೆ ಹಾರಬೇಕಾದರೆ ಎದೆಯ ಸ್ನಾಯು ಸುಮಾರು 30 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಅದಕ್ಕಾಗಿ ಅದು ಕುಳಿತಲ್ಲೇ ನಡುಗಿ ಮೈ ಬಿಸಿ ಮಾಡಿಕೊಳ್ಳುತ್ತದೆ. ಅಂಥದ್ದನ್ನು ಒಂದು ಎಲೆಯ ಮೇಲೆ ಹತ್ತಿಸಿಕೊಂಡು ಬಿಸಿಲಿರುವ ಹೂವಿನ ಮೇಲೆ ಬಿಟ್ಟರೆ ಅದಕ್ಕಿಂತ ಒಳ್ಳೆಯ ಉಪಚಾರವಿಲ್ಲ. ಹೆಜ್ಜೇನು ರಾತ್ರಿ ದೀಪಕ್ಕೆ ಮುತ್ತಿ, ಸುತ್ತಿ ಸುತ್ತಿ ಸೋತು ಬೆಳಿಗ್ಗೆ ಬಲ್ಬಿನ ಕೆಳಗೆ ಬಿದ್ದಿರುತ್ತದೆ. ಅದಕ್ಕೆ ಮದ್ದು ದೀಪ ಆರಿಸುವುದು.

ರೆಕ್ಕೆಯ ಅಂಚು ಹರಿದು ಚಿಂದಿಯಾಗಿದ್ದರೆ ಅದು ಮುಪ್ಪು. ಹೂವು ಹೆಚ್ಚಾಗಿರುವ ಕಾಲದಲ್ಲಿ ಕೆಲಸಗಾರ ಜೇನಿನ ಆಯುಷ್ಯ ಆರು ವಾರದ ಆಸುಪಾಸು. ಅದರಲ್ಲಿ ಹೂವಿನಿಂದ ಹೂವಿಗೆ ಹಾರುವುದು ಕೊನೆಯ ಎರಡು ಮೂರು ವಾರ ಮಾತ್ರ. ಆ ದಣಿವನ್ನು ನಾವು ಕಳೆಯಲಾರೆವು, ನೆರಳಿಗೆ ಸರಿಸಬಹುದಷ್ಟೇ. ಆದರೆ ಹುಳು ಬೆನ್ನಡಿಯಾಗಿ ಗಿರಗಿರನೆ ಸುತ್ತುತ್ತಿದ್ದರೆ, ನಾಲಿಗೆ ಹೊರಚಾಚಿ ನಡುಗುತ್ತಿದ್ದರೆ, ಅಂಥವು ಒಂದೇ ಕಡೆ ಹಲವು ಬಿದ್ದಿದ್ದರೆ, ಹತ್ತಿರದಲ್ಲಿ ಯಾರೋ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆ ಹೆಚ್ಚು. ಅಲ್ಲಿ ಸಕ್ಕರೆ ನೀರು ಕೆಲಸಕ್ಕೆ ಬಾರದು. ಹೋಗಿ ಮಾತನಾಡಬೇಕು.

ದಿನವೂ ಬಟ್ಟಲು ಇಡುವುದು ಬೇಡವೇ ಬೇಡ. ಸಿಹಿ ಸಿಕ್ಕ ಜಾಗವನ್ನು ಜೇನು ಗೂಡಿಗೆ ಹೋಗಿ ಕುಣಿದು ತಿಳಿಸುತ್ತದೆ. ಹತ್ತಾರು ಗೂಡಿನ ಹುಳುಗಳು ಒಂದೇ ಬಟ್ಟಲಿಗೆ ಮೂತಿಯಿಟ್ಟರೆ ರೋಗ ಹರಡುವುದು ಸುಲಭ. ಜಾರಿ ಬಿದ್ದು ಸಾಯುವವೂ ಇವೆ. ಸಕ್ಕರೆಯಲ್ಲಿ ಪರಾಗವಿಲ್ಲ. ಮರಿಗೆ ಬೇಕಾದ ಪ್ರೋಟೀನ್ ಪರಾಗದಿಂದಲೇ ಬರಬೇಕು. ಇಡಲೇಬೇಕೆಂದಿದ್ದರೆ ಅಗಲ ತಟ್ಟೆಯಲ್ಲಿ ಕಲ್ಲು ಹರಡಿ ಬರೀ ನೀರಿಡಿ, ಕಲ್ಲಿನ ಮೇಲೆ ನಿಂತು ಕುಡಿದು ಹೋಗುತ್ತವೆ.

ಈಗ ಜೇನುಪೆಟ್ಟಿಗೆಯ ಮಾತು. ಇಲ್ಲಿ ನಿಮ್ಮ ಆಸೆಗೆ ನಾನು ಅಡ್ಡ ಬರಬೇಕಾಗಿದೆ. ಜೇನು ಸಾಕುವುದು ಒಳ್ಳೆಯ ಕಸುಬು, ಕಲಿತು ಮಾಡಿದರೆ ತುಪ್ಪವೂ ಸಿಗುತ್ತದೆ. ಆದರೆ ಕಾಡು ಜೇನುಗಳನ್ನು ಉಳಿಸಲು ಪೆಟ್ಟಿಗೆ ಇಡುವುದೆಂದರೆ ಕಾಡುಹಕ್ಕಿಗಳನ್ನು ಉಳಿಸಲು ಕೋಳಿ ಸಾಕಿದಂತೆ. ಜಗತ್ತಿನಲ್ಲಿ ಹೆಸರಿಟ್ಟು ಗುರುತಿಸಿದ ಜೇನು ಜಾತಿಗಳೇ 20,000ಕ್ಕೂ ಹೆಚ್ಚು. ಅವುಗಳಲ್ಲಿ ನಾವು ಪೆಟ್ಟಿಗೆಯಲ್ಲಿ ಸಾಕುವುದು ಬೆರಳೆಣಿಕೆಯಷ್ಟನ್ನು. ಉಳಿದವುಗಳಲ್ಲಿ ಬಹುಪಾಲು ಒಂಟಿ ಜೇನುಗಳು. ಅವಕ್ಕೆ ರಾಣಿಯಿಲ್ಲ, ಜೇನುಹುಟ್ಟಿಲ್ಲ, ತುಪ್ಪವೂ ಇಲ್ಲ. ಒಬ್ಬಳೇ ತಾಯಿ ಗೂಡು ಕಟ್ಟಿ, ಪರಾಗ ತಂದು, ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೋಗುತ್ತಾಳೆ. ಹೂವು ಕಡಿಮೆಯಿರುವ ಕಡೆ ಸಾವಿರಾರು ಹುಳುಗಳ ಪೆಟ್ಟಿಗೆಯೊಂದು ಬಂದರೆ ಸೊರಗುವುದು ಇವಳ ಮಕ್ಕಳು.

ಪರಾಗಸ್ಪರ್ಶಿಗಳ ಬಗ್ಗೆ ವಿಶ್ವಸಂಸ್ಥೆಯ ಬೆಂಬಲದಲ್ಲಿ 2016ರಲ್ಲಿ ಬಂದ ಜಾಗತಿಕ ವರದಿ, ಪಟ್ಟಿ ಮಾಡಿ ನೋಡಿದ ಹಲವು ಕಡೆ ಜೇನು ಮತ್ತು ಚಿಟ್ಟೆಗಳಲ್ಲಿ 40ಕ್ಕೂ ಹೆಚ್ಚು ಶೇಕಡಾ ಜಾತಿಗಳು ಅಪಾಯದಲ್ಲಿರಬಹುದು ಎಂದು ಎಚ್ಚರಿಸಿತು. ಆ ಮಾತು ಮುಖ್ಯವಾಗಿ ಕಾಡಿನ ಜೀವಿಗಳದ್ದು. ಅವು ಹೋದರೆ ಪೆಟ್ಟಿಗೆಯ ಜೇನು ಆ ಕೆಲಸ ಮಾಡಿಕೊಡುತ್ತದೆ ಎಂದುಕೊಳ್ಳುವಂತೆಯೂ ಇಲ್ಲ. ಟೊಮೆಟೊ, ಬದನೆಗಳ ಪರಾಗಕೋಶಕ್ಕೆ ತುದಿಯಲ್ಲೊಂದು ಸಣ್ಣ ರಂಧ್ರ ಮಾತ್ರ. ಬಂಬಲ್‌ಬೀ, ನೀಲಿಪಟ್ಟೆಯ ಜೇನು ಮೊದಲಾದವು ಹೂವನ್ನು ತಬ್ಬಿ ಹಿಡಿದು, ಎದೆಯ ಸ್ನಾಯುವನ್ನು ಝೇಂಕರಿಸಿ ಅದುರಿಸಿದಾಗ ಪರಾಗ ಪುಡಿಯಾಗಿ ಉದುರುತ್ತದೆ. ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಗೊತ್ತಿಲ್ಲ.

ನಮ್ಮ ಕಚೇರಿಯ ಕಿಟಕಿಯ ಚೌಕಟ್ಟಿನಲ್ಲಿ ಚಿಲಕಕ್ಕೆಂದು ಕೊರೆದ ಒಂದು ತೂತಿದೆ. ಒಂದು ಮಧ್ಯಾಹ್ನ ಪ್ರೂಫ್ ತಿದ್ದುತ್ತಿದ್ದಾಗ ಅದರೊಳಗೆ ಹಸಿರು ಬಿಲ್ಲೆಯೊಂದು ನುಗ್ಗಿದ್ದನ್ನು ಕಂಡೆ. ಎಲೆ ಕತ್ತರಿಸುವ ಜೇನು. ಗುಲಾಬಿ ಎಲೆಯ ಅಂಚಿನಿಂದ ಕತ್ತರಿಯಲ್ಲಿ ಕತ್ತರಿಸಿದಷ್ಟು ನುಣುಪಾಗಿ ತುಂಡು ಮಾಡಿ, ಹೊಟ್ಟೆಯಡಿ ಸುರುಳಿ ಮಾಡಿ ಹಿಡಿದು ತರುತ್ತಿತ್ತು. ಎಲೆಯ ಕೊಳವೆ, ಒಳಗೆ ಪರಾಗ ಮತ್ತು ಮಕರಂದ ಕಲಸಿದ ಮುದ್ದೆ, ಅದರ ಮೇಲೊಂದು ಮೊಟ್ಟೆ, ಮೇಲೆ ದುಂಡು ಎಲೆಯ ಮುಚ್ಚಳ. ಅದರ ಮುಂದೆ ಇನ್ನೊಂದು ಕೋಣೆ. ಒಳಗಿನ ಕೋಣೆಗಳಲ್ಲಿ ಹೆಣ್ಣಾಗುವ ಮೊಟ್ಟೆ, ಬಾಗಿಲ ಕಡೆ ಗಂಡಾಗುವ ಮೊಟ್ಟೆ, ಏಕೆಂದರೆ ಮೊದಲು ಹೊರಬರುವುದು ಗಂಡು. ಆ ಕಿಟಕಿಗೆ ಬಣ್ಣ ಬಳಿಯುವ ಕೆಲಸವನ್ನು ಮುಂದಕ್ಕೆ ಹಾಕಿಸಿದೆ. ಗುಲಾಬಿ ಎಲೆಗೆ ರೋಗ ಬಂತೆಂದು ಔಷಧಿ ಹೊಡೆಯಲು ಹೊರಟ ಗೆಳೆಯರನ್ನೂ ತಡೆದೆ. ಗಿಡಕ್ಕೆ ಅದರಿಂದ ಏನೂ ಆಗಲಿಲ್ಲ.

ಹಾಗಾದರೆ ನೀವೇನು ಮಾಡಬಹುದು? ಹೂವು ಬೆಳೆಸಿ, ಆದರೆ ಆರಿಸಿ ಬೆಳೆಸಿ. ಎಸಳಿನ ಮೇಲೆ ಎಸಳು ಒತ್ತಿಕೊಂಡ ಅಲಂಕಾರದ ತಳಿಗಳಲ್ಲಿ ಎಷ್ಟೋ ಸಲ ಕೇಸರಗಳೇ ಎಸಳಾಗಿ ಹೋಗಿರುತ್ತವೆ, ಜೇನು ಬಂದು ಬರಿಗೈಯಲ್ಲಿ ಮರಳುತ್ತದೆ. ಒಂದೇ ಸುತ್ತು ಎಸಳಿನ, ನಡುವೆ ಪರಾಗ ಕಾಣುವ ಹೂವು ಮೇಲು. ನೀವಿರುವ ನೆಲದಲ್ಲೇ ಹುಟ್ಟಿ ಬೆಳೆಯುವ ಗಿಡಗಳಿಗೆ ಮೊದಲ ಸ್ಥಾನ ಕೊಡಿ. ಕಾಮಕಸ್ತೂರಿ, ಕೊತ್ತಂಬರಿಯಂಥವನ್ನು ಪೂರ್ತಿ ಕೊಯ್ಯದೆ ಒಂದು ಮೂಲೆಯಲ್ಲಿ ಹೂಬಿಡಲು ಬಿಡಿ. ವರ್ಷದಲ್ಲಿ ಹೂವೇ ಇಲ್ಲದ ತಿಂಗಳು ಯಾವುದೆಂದು ಗಮನಿಸಿ, ಆ ತಿಂಗಳಿಗೊಂದು ಗಿಡ ಹುಡುಕಿ. ಜೇನು ಸೊರಗುವುದು ಆಗಲೇ.

ಹೂವಿನಷ್ಟೇ ಮುಖ್ಯವಾದದ್ದು ಬರಿಯ ಮಣ್ಣು. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಒತ್ತಿ ಹೇಳುತ್ತೇನೆ. ಜೇನು ಜಾತಿಗಳಲ್ಲಿ ಸುಮಾರು 70 ಶೇಕಡಾ ನೆಲದೊಳಗೆ ಗೂಡು ಮಾಡುತ್ತವೆ. ಅಂಗಳಕ್ಕೆಲ್ಲ ಸಿಮೆಂಟು ಬಳಿದು ಕುಂಡದಲ್ಲಿ ನೂರು ಹೂವು ಬೆಳೆಸಿದರೆ ಊಟ ಬಡಿಸಿ ಮನೆ ಕಿತ್ತುಕೊಂಡಂತೆ. ಬಿಸಿಲು ಬೀಳುವ ಒಂದು ಚಾಪೆಯಷ್ಟು ನೆಲವನ್ನು ಅಗೆಯದೆ, ಮುಚ್ಚದೆ ಬಿಡಿ. ಪೆನ್ಸಿಲ್ ದಪ್ಪದ ತೂತು, ಸುತ್ತ ಪುಡಿಮಣ್ಣಿನ ಪುಟ್ಟ ಗುಪ್ಪೆ ಕಂಡರೆ ಇರುವೆ ಎಂದು ಪುಡಿ ಹಾಕಬೇಡಿ. ಸ್ವಲ್ಪ ದೂರ ಕುಳಿತರೆ ತೂತಿನ ಬಾಯಲ್ಲೊಂದು ಮುಖ ಇಣುಕೀತು. ಒಂಟಿ ಜೇನುಗಳಿಗೆ ಕಾಯಲು ತುಪ್ಪದ ಗೂಡಿಲ್ಲದ್ದರಿಂದ ಅವು ಕುಟುಕುವುದು ಅಪರೂಪ. ಮಗಳು ಹತ್ತಿರದಿಂದ ನೋಡಬಹುದು, ಕೈಯಲ್ಲಿ ಹಿಡಿಯದಿದ್ದರೆ ಸಾಕು.

ಕೀಟನಾಶಕವನ್ನು ಮನೆಯ ತೋಟದಿಂದ ಪೂರ್ತಿ ಹೊರಗಿಡಿ. ನಿಯೋನಿಕೋಟಿನಾಯ್ಡ್ ಗುಂಪಿನ ವಿಷಗಳನ್ನು ಬೀಜಕ್ಕೆ ಲೇಪಿಸಿದರೂ ಅವು ಗಿಡದ ಮೈಯೆಲ್ಲ ಹರಡಿ ಪರಾಗ, ಮಕರಂದದವರೆಗೂ ತಲುಪುತ್ತವೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಅಂಥ ಮೂರನ್ನು ಬಯಲಿನಲ್ಲಿ ಬಳಸದಂತೆ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಇನ್ನು ಮಗಳ ಪ್ರಶ್ನೆ. ಆ ಜೇನು ಮನೆ ಸೇರಿತೇ ಎಂದು ನಾನು ಹೇಳಲಾರೆ, ಅವಳಿಗೆ ಸುಳ್ಳು ಹೇಳಲೂ ಮನಸ್ಸಿಲ್ಲ. ಆದರೆ ಮುಂದಿನ ಸಲ ನೋಡಲು ಹೇಳಿ: ಸಿಹಿ ಸಿಕ್ಕ ಹೊಸ ಜಾಗದಿಂದ ಹೊರಡುವ ಜೇನು ನೆಟ್ಟಗೆ ಹಾರಿಹೋಗುವುದಿಲ್ಲ. ಸ್ವಲ್ಪ ಮೇಲೇರಿ, ಹಿಂದಿರುಗಿ, ಬಿಟ್ಟುಬಂದ ಜಾಗಕ್ಕೇ ಮುಖ ಮಾಡಿ ಅತ್ತಿತ್ತ ತೂಗುತ್ತದೆ. ಮತ್ತೆ ಬರಲು ಗುರುತು ಹಿಡಿದುಕೊಳ್ಳುವ ರೀತಿ ಅದು. ಆ ಗುರುತಿನ ಜಾಡು ಹಿಡಿದು ಬಂದಾಗ ಕಿಟಕಿಯಲ್ಲಿ ಚಮಚದ ಬದಲು ಅರಳಿದ ಕಾಮಕಸ್ತೂರಿಯ ಕುಂಡವಿರಲಿ. ಬೀಜ ಬಿತ್ತುವ ಕೆಲಸ ಅವಳದೇ ಆಗಲಿ. ಮೊದಲ ಹುಳು ಬಂದ ದಿನ ಅವಳ ಕೈಯಿಂದಲೇ ನಮಗೊಂದು ಪತ್ರ ಬರೆಸಿ.

ಸಂಪಾದಕ